ಬೆಕ್ಕಿಗಾಗಿ ಮನೆ ಬಿಟ್ಟೆವು

ನಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿರುವುದನ್ನು ಮೊದಲು ಕಂಡುಹಿಡಿದದ್ದು ಇರುವೆಗಳು. ಬಚ್ಚಲ ಮೂಲೆಯಲ್ಲಿ ಅದಕ್ಕೆಂದು ಮರಳು ತುಂಬಿದ ಒಂದು ಪ್ಲಾಸ್ಟಿಕ್ ಟಬ್ಬು ಇಟ್ಟಿದ್ದೆವು. ಒಂದು ಬೆಳಿಗ್ಗೆ ಮರಳು ಬದಲಿಸಲು ಹೋದ ನನ್ನ ಗಂಡ ಅಲ್ಲೇ ನಿಂತು ಕೂಗಿದರು.

"ಏ, ಸ್ವಲ್ಪ ಬಾ ಇಲ್ಲಿ. ಈ ಇರುವೆ ನೋಡು."

ಗೋಡೆಯ ಬಿರುಕಿನಿಂದ ಹೊರಟ ಕಪ್ಪು ಸಾಲು ಟಬ್ಬಿನ ಅಂಚು ಹತ್ತಿ ಒಳಗಿಳಿದಿತ್ತು. ಒದ್ದೆಯಾಗಿದ್ದ ಮರಳಿನ ಮೇಲೆ ಮುತ್ತಿಕೊಂಡು ಕೂತಿದ್ದವು.

"ನಮ್ಮಪ್ಪನಿಗೂ ಹೀಗೇ ಆಗ್ತಿತ್ತು," ಅಂದರು ಅವರು. "ಹಿತ್ತಲಲ್ಲಿ ಅವರು ಕೂತೆದ್ದ ಕಡೆ ಇರುವೆ ಮುತ್ಕೊಳ್ಳೋವು. ಆಮೇಲೇ ಶುಗರ್ ಅಂತ ಗೊತ್ತಾಗಿದ್ದು."

ಆಗ ನಾವು ವಿಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಅವರು ಸರ್ಕಾರಿ ಕಚೇರಿಯ ಕೆಲಸದಿಂದ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮಗೆ ಮಕ್ಕಳಿಲ್ಲ. ಬೆಕ್ಕು ಬಂದದ್ದು ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಅವರು ಇನ್ನೂ ಕೆಲಸದಲ್ಲಿದ್ದಾಗ, ಒಂದು ಮಳೆಯ ಸಂಜೆ. ಮಾರ್ಕೆಟ್ಟಿನ ಹತ್ತಿರ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಕೆಳಗೆ ಎಲ್ಲಿಂದಲೋ ನುಸುಳಿಕೊಂಡಿದ್ದ ಬೂದು ಬಣ್ಣದ ಮರಿ, ಮನೆ ತಲುಪುವವರೆಗೂ ಕೂಗುತ್ತಲೇ ಬಂದಿತ್ತಂತೆ. ಎರಡು ದಿನ ಇಟ್ಟುಕೊಂಡು ಯಾರಿಗಾದರೂ ಕೊಡೋಣ ಅಂದುಕೊಂಡೆವು. ಕೊಡುವ ಮಾತು ಆಮೇಲೆ ಬರಲಿಲ್ಲ, ಹೆಸರಿಡುವ ಮಾತೂ ಬರಲಿಲ್ಲ. "ಬಾರೇ" ಅಂದರೆ ಬರುತ್ತಿತ್ತು. ನಾನು ಬೆಕ್ಕನ್ನು "ಅದು" ಅನ್ನುತ್ತಿದ್ದೆ, ಅವರು "ಅವಳು" ಅನ್ನುತ್ತಿದ್ದರು.

ಇರುವೆ ಕಂಡ ಮೇಲೆ ಮಿಕ್ಕದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬೆಕ್ಕು ಬಚ್ಚಲ ಬಕೆಟ್ಟಿಗೆ ಮುಂಗಾಲು ಊರಿ ನೀರು ಕುಡಿಯುತ್ತಲೇ ಇರುತ್ತಿತ್ತು. ತಟ್ಟೆ ಖಾಲಿ ಮಾಡಿ ಮತ್ತೆ ಕೇಳುತ್ತಿತ್ತು, ಆದರೂ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ವಯಸ್ಸಾಯಿತು, ಅದಕ್ಕೇ ಅಂದುಕೊಂಡಿದ್ದೆವು.

ಬಸವೇಶ್ವರನಗರದ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಕ್ಕಿನ ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದರು.

"ಏನು ಊಟ ಹಾಕ್ತೀರ?"

"ಹಾಲನ್ನ. ಮೊಸರನ್ನ," ಅಂದೆ.

"ಚಿಕನ್, ಮೀನು?"

ನನ್ನ ಗಂಡ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮೇಲಿನಿಂದಲೇ ಒಮ್ಮೆ ಮುಟ್ಟಿಕೊಂಡರು. "ನಾವು ತಿನ್ನಲ್ಲ ಡಾಕ್ಟ್ರೇ."

"ನೀವು ತಿನ್ಬೇಡಿ ಸಾರ್. ಅವಳಿಗೆ ಹಾಕಿ. ಅನ್ನ, ಹಾಲು ಇವತ್ತಿಂದ ನಿಲ್ಸಿ. ಬೆಳಿಗ್ಗೆ ಸಂಜೆ ಊಟ, ಊಟ ಆದ್ಮೇಲೆ ಇನ್ಸುಲಿನ್. ತಿನ್ನದೇ ಇದ್ರೆ ಇನ್ಸುಲಿನ್ ಕೊಡ್ಬೇಡಿ, ನನಗೆ ಫೋನ್ ಮಾಡಿ." ಆಮೇಲೆ ಬೆಕ್ಕಿನ ತಲೆ ಸವರುತ್ತ, ನಮ್ಮಿಬ್ಬರ ಮುಖ ನೋಡದೆ ಹೇಳಿದರು. "ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಈ ವಯಸ್ಸಲ್ಲಿ ಸ್ವಲ್ಪ ದಿನ ನೆಮ್ಮದಿಯಾಗಿ ಇರ್ಬಹುದು ಅಷ್ಟೆ."

ಆಟೋದಲ್ಲಿ ಬರುವಾಗ ನನ್ನ ಗಂಡ ಕೆಲಸ ಹಂಚಿದರು. "ಸೂಜಿ ನಾನು ಹಾಕ್ತೀನಿ. ಕೋಳಿ ಮಾತ್ರ ನನ್ ಕೈಲಾಗಲ್ಲ."

"ನನ್ ಕೈಲಾಗುತ್ತಾ?" ಅಂದೆ.

ಅವರು ತೊಡೆಯ ಮೇಲಿದ್ದ ಬೆಕ್ಕಿಗೆ ಟವೆಲು ಹೊದಿಸಿದರು.

ಮೊದಲು ಪ್ಯಾಕೆಟ್ಟಿನ ಆಹಾರ ತಂದು ನೋಡಿದೆವು. ಸಕ್ಕರೆ ಕಾಯಿಲೆಯ ಬೆಕ್ಕುಗಳಿಗೆಂದೇ ಮಾಡಿದ್ದಂತೆ. ಹುಟ್ಟಿದಾಗಿನಿಂದ ಮೊಸರನ್ನ ತಿಂದು ಬೆಳೆದ ನಮ್ಮ ಬೆಕ್ಕು ಅದನ್ನು ಮೂಸಿ, ಮುಂಗಾಲಿನಿಂದ ನೆಲ ಕೆರೆದು ಅದರ ಮೇಲೆ ಮಣ್ಣು ಮುಚ್ಚುವಂತೆ ಮಾಡಿ ಹೊರಟುಹೋಯಿತು. ಇನ್ನೊಂದು ಬಗೆ ತಂದೆವು. ಅದಕ್ಕೂ ಅದೇ ಗತಿ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ಸಮಾಜ ವಿಜ್ಞಾನದ ಟೀಚರು ನಕ್ಕುಬಿಟ್ಟರು. ಕೆಂಗೇರಿಯಿಂದ ದಿನಾ ಮೆಟ್ರೋದಲ್ಲಿ ಬರುವವರು, ನನಗಿಂತ ಸ್ವಲ್ಪ ಚಿಕ್ಕವರು. "ಇಷ್ಟಕ್ಕಾ ಮುಖ ಸಣ್ಣಗೆ ಮಾಡ್ಕೊಂಡಿರೋದು? ನಮ್ಮನೇಲಿ ಹೇಗಿದ್ರೂ ಮಾಡ್ತೀವಿ ಕಣ್ರೀ. ಉಪ್ಪು ಖಾರ ಹಾಕ್ದೆ ಒಂದಿಷ್ಟು ಬೇಯಿಸಿ ಡಬ್ಬೀಲಿ ತರ್ತೀನಿ. ನೀವು ಕಣ್ಮುಚ್ಕೊಂಡು ತಟ್ಟೆಗೆ ಸುರೀರಿ."

ಮೊದಲ ದಿನ ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತಿ ಮನೆಗೆ ತಂದೆ. ಸ್ಟೀಲು ಚಮಚದಿಂದ, ಉಸಿರು ಬಿಗಿಹಿಡಿದು, ತಟ್ಟೆಗೆ ಹಾಕಿದೆ. ಬೆಕ್ಕು ಓಡಿ ಬಂತು. ಒಂದು ತುಂಡು ಬಾಯಿಗೆ ಸಿಕ್ಕಿದ್ದೇ ತಡ, ಅದರ ಗಂಟಲಿನಿಂದ ನಾವು ಎಂದೂ ಕೇಳಿರದ ಗುರುಗುಟ್ಟುವ ಸದ್ದು ಬಂತು. ನಾನು ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಡಚಿ ನನ್ನನ್ನೇ ಗದರಿತು. ನನ್ನ ಗಂಡ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ತಿಂತಾ?" ಅಂದರು ತಿರುಗದೆ.

"ತಿಂತಾ ಇದೆ."

"ಎಲ್ಲಾನೂ?"

"ತಟ್ಟೆ ನೆಕ್ತಾ ಇದೆ."

ಆಗ ಬಂದು ಪಕ್ಕದಲ್ಲಿ ಕೂತು, ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಸೂಜಿ ಹಾಕಿದರು. ಬೆಕ್ಕಿಗೆ ಗೊತ್ತೂ ಆಗಲಿಲ್ಲ.

ಸ್ವಲ್ಪ ಕಾಲ ಚೆನ್ನಾಗಿಯೇ ಇತ್ತು. ಕೂದಲಿಗೆ ಹೊಳಪು ಬಂತು. ನೀರು ಕುಡಿಯುವುದು ಕಡಿಮೆಯಾಯಿತು. ನಿವೃತ್ತರಾದ ಮೇಲೆ ಹೊತ್ತು ಹೋಗದೆ ಒದ್ದಾಡುತ್ತಿದ್ದ ಇವರ ದಿನಕ್ಕೂ ಒಂದು ಆಕಾರ ಬಂತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಬೆಕ್ಕಿನ ಸೂಜಿ, ಆಮೇಲೆ ತಿಂಡಿ. ಸಂಜೆ ಪಾರ್ಕಿನಲ್ಲಿ ಗೆಳೆಯರು ಇನ್ನೂ ಹರಟುತ್ತಿರುವಾಗಲೇ "ಇಂಜೆಕ್ಷನ್ ಟೈಮಾಯ್ತು" ಅಂತ ಎದ್ದು ಬರುತ್ತಿದ್ದರು. ಯಾರಿಗೆ ಅಂತ ಗೆಳೆಯರು ಕೇಳಿದ್ದಕ್ಕೆ ಮೊದಲು ನಾಚಿಕೆಪಟ್ಟರಂತೆ, ಆಮೇಲೆ ಹೇಳಿದರಂತೆ. ಅಂದಿನಿಂದ ಪಾರ್ಕಿನಲ್ಲಿ ಎಲ್ಲರೂ "ಬೆಕ್ಕು ಹೆಂಗಿದೆ?" ಅಂತ ಕೇಳತೊಡಗಿದರು.

ಬೇಸಿಗೆ ರಜೆ ಬಂದಾಗ ತೊಂದರೆ ಶುರುವಾಯಿತು. ಟೀಚರು ತವರಿಗೆ ಹೊರಟರು. ಅವರು ಕೊಟ್ಟುಹೋದ ಡಬ್ಬಿಗಳು ಫ್ರೀಜರಿನಲ್ಲಿ ಇರುವಷ್ಟು ದಿನ ನಡೆಯಿತು. ಆಮೇಲೆ ನಾನೇ ಮೂಡಲಪಾಳ್ಯದವರೆಗೂ ಹೋಗಿ, ಗುರುತಿನವರಿಲ್ಲದ ಅಂಗಡಿಯಲ್ಲಿ ಕೋಳಿ ತಂದೆ. ಬೇಯಿಸಲು ಹಳೆಯ ಕುಕ್ಕರನ್ನು ಬೇರೆ ಇಟ್ಟೆ. ಅಡುಗೆಮನೆಯಲ್ಲಿ ಮನಸ್ಸು ಬಾರದೆ, ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ ಕರೆಂಟಿನ ಒಲೆ ಇಟ್ಟುಕೊಂಡೆ. ಕುಕ್ಕರ್ ಕೂಗಿದಾಗ ಹೊರಬಂದ ಆವಿ ನೇರವಾಗಿ ಕೆಳಗಿನ ಮನೆಯ ಹಿತ್ತಲಿಗೆ ಇಳಿಯುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲ.

ಕೆಳಗೆ ಇದ್ದವರು ಮನೆಯ ಒಡತಿ. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿ ಒಬ್ಬರೇ ಇದ್ದರು. ಚಿತ್ರದುರ್ಗದ ಕಡೆಯವರು, ನಮ್ಮವರೇ. ಮೊದಲ ದಿನ ಮನೆ ಕೇಳಲು ಹೋದಾಗ ಇವರ ಹಣೆಯ ವಿಭೂತಿ ನೋಡಿಯೇ ಬೀಗದ ಕೈ ಕೊಟ್ಟಿದ್ದರು. ಹಬ್ಬಕ್ಕೆ ಹೋಳಿಗೆ ಕಳಿಸುವವರು, ನನಗೆ ಜ್ವರ ಬಂದರೆ ಗಂಜಿ ತರುವವರು. ಅವರು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ ಇದು ವಾಸನೆ?"

ಸುಳ್ಳು ಹೇಳುವಂತಿರಲಿಲ್ಲ. ಎಲ್ಲ ಹೇಳಿದೆ. ಇರುವೆ ಬಂದದ್ದು, ಡಾಕ್ಟರು ಹೇಳಿದ್ದು, ಸೂಜಿ ಹಾಕುತ್ತಿರುವುದು. ಅವರು ಕುರ್ಚಿಯಲ್ಲಿ ಕೂತು ಕೇಳಿದರು. ಬೆಕ್ಕು ಅವರ ಕಾಲಿಗೆ ಮೈ ತಿಕ್ಕಿತು. ಅವರು ಅದನ್ನು ಓಡಿಸಲಿಲ್ಲ.

"ಪಾಪದ್ದು, ನಿಜ," ಅಂದರು. "ಆದ್ರೆ ಯಾರಿಗಾದ್ರೂ ಆಗ್ಲಿ, ಒಲೆ ಮೇಲೆ ಬೇಯೋದು ಅದೇ ತಾನೆ? ಕೆಳಗೆ ನಾನು ಪೂಜೆಗೆ ಕೂತಿದ್ದೆ ಕಣಮ್ಮಾ. ಎದ್ದುಬಿಟ್ಟೆ."

"ಇನ್ಮೇಲೆ ನಿಮ್ಮ ಪೂಜೆ ಹೊತ್ತು ಬಿಟ್ಟು ಮಾಡ್ತೀನಿ ಅಮ್ಮ."

"ಹಂಗಲ್ಲ. ನಮ್ಮನೆಯವರು ಕಟ್ಟಿಸಿದ ಮನೆ. ಅವರಿದ್ದಷ್ಟು ದಿನ ಈ ಗೇಟಿನೊಳಗೆ ಮೊಟ್ಟೆ ಬಂದಿಲ್ಲ. ನಾನು ಒಪ್ಪಿದ್ರೂ ನನ್ ಮನಸ್ಸು ಒಪ್ಪಲ್ಲ." ಏಳುವಾಗ ಗೋಡೆ ಹಿಡಿದುಕೊಂಡರು. "ನಿಮ್ಮನ್ನ ಹೋಗಿ ಅಂತಿಲ್ಲ. ಅದನ್ನ ಮಾತ್ರ ಮಾಡ್ಬೇಡಿ. ಅದಕ್ಕೂ ವಯಸ್ಸಾಯ್ತಲ್ಲಮ್ಮಾ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ಆಗಲಿಲ್ಲ. ಅದೇ ವಾಸನೆಗೆ ನಾನೂ ಮೂಗಿಗೆ ಸೆರಗು ಹಿಡಿದೇ ನಿಂತಿದ್ದೆ.

ಪನೀರು ಹಾಕಿ ನೋಡಿದೆವು. ಕೋಳಿಯ ರುಚಿ ಕಂಡ ಬೆಕ್ಕು ಅದನ್ನು ಅರ್ಧಂಬರ್ಧ ತಿಂದು ಬಿಡುತ್ತಿತ್ತು. ಒಂದು ಬೆಳಿಗ್ಗೆ ತಟ್ಟೆಯಲ್ಲಿದ್ದದ್ದು ಹೋಗಿತ್ತು ಅಂತ ಇವರು ಸೂಜಿ ಹಾಕಿದರು. ಮಧ್ಯಾಹ್ನ ನಾನು ಮಂಚದ ಕೆಳಗೆ ಗುಡಿಸುವಾಗ ಅಗಿದು ಉಗುಳಿದ ಪನೀರೆಲ್ಲ ಅಲ್ಲಿತ್ತು. ಅಷ್ಟು ಹೊತ್ತಿಗೆ ಬೆಕ್ಕು ನಡುಮನೆಯಲ್ಲಿ ಕುಡಿದವರಂತೆ ತೂರಾಡುತ್ತಿತ್ತು. ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ಬಿತ್ತು. ಕಣ್ಣು ತೆರೆದೇ ಇತ್ತು, ನಮ್ಮನ್ನು ನೋಡುತ್ತಿರಲಿಲ್ಲ.

"ಜೇನುತುಪ್ಪ, ಜೇನುತುಪ್ಪ ತಗೊಂಬಾ!" ಅಂತ ಇವರು ಕಿರುಚಿದರು. ಹೀಗೇನಾದರೂ ಆದರೆ ಮಾಡಿ ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ನೆಲದ ಮೇಲೆ ಕೂತು, ಬೆಕ್ಕಿನ ತುಟಿ ಬಿಡಿಸಿ ಒಸಡಿಗೆ ಬೆರಳಿನಿಂದ ಜೇನು ಸವರುತ್ತಲೇ ಇದ್ದರು. ಅವರ ಪಂಚೆ, ಬೆಕ್ಕಿನ ಎದೆ, ನೆಲ ಎಲ್ಲ ಅಂಟಂಟಾಯಿತು. ಬಹಳ ಹೊತ್ತಿನ ಮೇಲೆ ಅದು ನಾಲಿಗೆ ಹೊರಹಾಕಿ ಮೂಗು ನೆಕ್ಕಿಕೊಂಡಿತು. ಅವರು ಅಳುತ್ತಿದ್ದರು. ತಮ್ಮ ತಾಯಿ ತೀರಿಕೊಂಡಾಗಲೂ ಅವರು ನನ್ನೆದುರಿಗೆ ಅತ್ತಿರಲಿಲ್ಲ.

"ಮನೆ ಬದಲಾಯಿಸೋಣ," ಅಂದರು.

ಊರಲ್ಲಿರುವ ಅವರ ತಮ್ಮ ಫೋನಿನಲ್ಲಿ, "ಒಂದು ಬೆಕ್ಕಿಗೋಸ್ಕರಾನಾ? ಇಬ್ರಿಗೂ ತಲೆ ಕೆಟ್ಟಿದ್ಯಾ?" ಅಂದ. ಕೇಳಿದರೆ ಯಾರೂ ಅದನ್ನೇ ಅನ್ನುತ್ತಿದ್ದರು. ನಾವು ಬೇರೆ ಯಾರನ್ನೂ ಕೇಳಲಿಲ್ಲ. ಮನೆ ಹುಡುಕಲು ಹೊರಟೆವು. ಒಂದು ಕಡೆ ಸಸ್ಯಾಹಾರಿಗಳಿಗೆ ಮಾತ್ರ, ಇನ್ನೊಂದು ಕಡೆ ಪ್ರಾಣಿ ಸಾಕುವಂತಿಲ್ಲ. ಚಂದ್ರಾ ಲೇಔಟಿನ ಹತ್ತಿರ ಒಬ್ಬರು ಬಹಳ ವಿನಯದಿಂದ, "ನಾನ್‌ವೆಜ್ ಏನು ಬೇಕಾದ್ರೂ ಮಾಡ್ಕೊಳ್ಳಿ ಸಾರ್, ನಾವೂ ತಿಂತೀವಿ. ಬೆಕ್ಕು ಬೇಡ," ಅಂದರು. ಇವರು, "ಬೆಕ್ಕಿಗೇ ಸಾರ್ ನಾನ್‌ವೆಜ್ಜು, ನಾವು ತಿನ್ನಲ್ಲ," ಅಂದಾಗ ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಗೇಟಿನಿಂದ ಆಚೆ ಬಂದ ಮೇಲೆ ನಾವಿಬ್ಬರೂ ನಕ್ಕೆವು. ಆಮೇಲೆ ಅಷ್ಟು ನಕ್ಕ ನೆನಪಿಲ್ಲ.

ಕೊನೆಗೆ ತವರಿಂದ ವಾಪಸು ಬಂದ ಟೀಚರೇ ಕೆಂಗೇರಿಯಲ್ಲಿ, ಅವರ ಮನೆಯಿಂದ ಎರಡು ರಸ್ತೆ ಆಚೆ, ನೆಲಮಹಡಿಯ ಒಂದು ಮನೆ ನೋಡಿಕೊಟ್ಟರು. ಮಾಲೀಕರು ಬೇರೆ ಊರಲ್ಲಿದ್ದರು. ಅವರಿಗೆ ಕೋಳಿಯೂ ಒಂದೇ ಬೆಕ್ಕೂ ಒಂದೇ.

ವಿಜಯನಗರದ ಮನೆ ಬಿಡುವ ದಿನ ಒಡತಿ ನನ್ನ ಹಣೆಗೆ ವಿಭೂತಿ ಇಟ್ಟು, ರವಿಕೆ ಕಣ ಕೈಗಿಟ್ಟರು. "ನನ್ನ ಮೇಲೆ ಬೇಜಾರಿದ್ಯೇನಮ್ಮಾ?" ಅಂದರು. ಇಲ್ಲ ಅಂದೆ. ಅವರು ಸಾಮಾನಿನ ಗಾಡಿ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದರು.

ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಇವರು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತರು. ಮೈಸೂರು ರಸ್ತೆಯ ಉದ್ದಕ್ಕೂ ಅದು ಕೂಗಿತು. ನಾಯಂಡಹಳ್ಳಿ ದಾಟಿದ ಮೇಲೆ ಸುಮ್ಮನಾಯಿತು. ಅವರು ಮತ್ತೆ ಮತ್ತೆ ಮುಚ್ಚಳ ಎತ್ತಿ ಉಸಿರಾಡುತ್ತಿದೆಯಾ ಅಂತ ನೋಡಿದರು.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ಒಲೆಯ ಮೇಲೆಯೇ ಮಾರನೆಯ ದಿನ ಕೋಳಿ ಬೇಯಿಸಿದೆ. ಕಿಟಕಿ ತೆರೆದಿಟ್ಟೇ ಬೇಯಿಸಿದೆ. ಯಾರಿಗೂ ಹೆದರಬೇಕಾಗಿರಲಿಲ್ಲ. ಬೆಕ್ಕು ಬೀರುವಿನ ಹಿಂದಿನ ಸಂದಿಯಲ್ಲಿ ಸೇರಿಕೊಂಡಿತ್ತು. ತಟ್ಟೆಯನ್ನು ಅಲ್ಲಿಗೇ ತಳ್ಳಿದೆ. ಮೂಸಿತು. ಮುಖ ತಿರುಗಿಸಿತು.

"ಹೊಸ ಜಾಗ ಅಲ್ವಾ," ಅಂದರು ಇವರು. "ಎರಡು ದಿನ ಆಗ್ಲಿ."

ಎರಡು ದಿನ ಆಯಿತು. ಅದು ಹೊರಬಂದಾಗ ಹಿಂಗಾಲು ಸರಿಯಾಗಿ ಊರುತ್ತಿರಲಿಲ್ಲ. ಪಾದದ ಹಿಂಭಾಗವೆಲ್ಲ ನೆಲಕ್ಕೆ ತಾಗುವಂತೆ ಕೂತುಕೊಂಡೇ ಹೆಜ್ಜೆ ಇಟ್ಟಂತೆ ನಡೆಯುತ್ತಿತ್ತು. ಮತ್ತೆ ಬುಟ್ಟಿ, ಮತ್ತೆ ಆಟೋ, ಮತ್ತೆ ಬಸವೇಶ್ವರನಗರ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಮ್ಮನ್ನು ಒಳಗೆ ಕರೆದರು.

"ಕಿಡ್ನಿ ಎರಡೂ ಹೋಗಿದೆ."

"ಮನೆ ಬದಲಾಯಿಸಿದ್ದಕ್ಕಾ?" ಅಂತ ಇವರು ಕೇಳಿದರು.

"ಇಲ್ಲ ಸಾರ್. ಇದು ಮೊದಲಿಂದಾನೇ ಒಳಗೊಳಗೆ ಆಗ್ತಾ ಇರುತ್ತೆ. ನೀವು ಎಲ್ಲಿದ್ರೂ ಆಗ್ತಿತ್ತು." ಆಮೇಲೆ, "ತುಂಬಾ ಕಷ್ಟಪಡೋದು ನೋಡಕ್ಕಾಗದೆ ಇದ್ರೆ ಹೇಳಿ. ಒಂದು ಇಂಜೆಕ್ಷನ್ ಕೊಟ್ರೆ ನಿದ್ದೇಲೇ ಹೋಗುತ್ತೆ," ಅಂದರು.

"ನೋಡೋಣ ಡಾಕ್ಟ್ರೇ," ಅಂದರು ಇವರು, ಬುಟ್ಟಿ ಎತ್ತಿಕೊಂಡು.

ಆ ದಿನದಿಂದ ಅವರು ಯಾವುದನ್ನೂ ನನಗೆ ಬಿಡಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ಅಡುಗೆಮನೆಗೆ ಬಂದು ಬೆಂದ ಕೋಳಿಯ ಪಾತ್ರೆಗೆ ಕೈ ಹಾಕಿದರು. ನಾನು ನೋಡುತ್ತ ನಿಂತೆ. ಒಂದು ತುಂಡು ತೆಗೆದು, ಎಳೆ ಎಳೆಯಾಗಿ ಬಿಡಿಸಿ, ತಣ್ಣಗಾಗಿದ್ದರೆ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ ಬೆಕ್ಕಿನ ಬಾಯಿಯ ಹತ್ತಿರ ಹಿಡಿದರು. "ತಿನ್ನೇ. ಒಂದೇ ಒಂದು. ನನಗೋಸ್ಕರ ತಿನ್ನೇ." ಅದು ಅವರ ಬೆರಳನ್ನು ಒಮ್ಮೆ ನೆಕ್ಕಿ ಗದ್ದವನ್ನು ನೆಲಕ್ಕಿಟ್ಟಿತು. ಅವರು ಕೈ ತೊಳೆಯಲು ಹೋಗದೆ ಅಲ್ಲೇ ಕೂತಿದ್ದರು. ಹುಟ್ಟಿದಾಗಿನಿಂದ ಮಾಂಸ ಮುಟ್ಟಿರದ ಕೈ ಅದು.

ಕೋಳಿ ಬೇಯಿಸಿದ ನೀರನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಬಿಡುತ್ತಿದ್ದರು. ಅರ್ಧ ಒಳಗೆ ಹೋದರೆ ಅರ್ಧ ಟವೆಲಿಗೆ. ಒಂದೊಂದು ಸಲ ಅದನ್ನೂ ಕಕ್ಕಿಬಿಡುತ್ತಿತ್ತು. ಅದು ತಿನ್ನದ ದಿನ ಸೂಜಿಯಿಲ್ಲ, ಸೂಜಿಯಿಲ್ಲದ ದಿನ ಶುಗರ್ ಏರುತ್ತದೆ, ಏರಿದರೆ ಸುಸ್ತಾಗಿ ಇನ್ನೂ ತಿನ್ನುವುದಿಲ್ಲ. ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದಾಗಲೆಲ್ಲ ಅವರ ಮುಖದಲ್ಲಿ ಲೆಕ್ಕ ತಪ್ಪಿದ ಮಗುವಿನ ಕಳೆ ಇರುತ್ತಿತ್ತು. ನಾನು ಗಣಿತದ ಟೀಚರು. ಈ ಲೆಕ್ಕಕ್ಕೆ ಬಿಡಿಸುವ ದಾರಿಯಿಲ್ಲ ಅಂತ ನನಗೆ ಕಾಣುತ್ತಿತ್ತು.

"ಡಾಕ್ಟ್ರಿಗೆ ಹೇಳೋಣ್ವಾ ರೀ?" ಅಂತ ಒಂದು ಬೆಳಿಗ್ಗೆ ಕೇಳಿದೆ.

ಅವರು ಬಹಳ ಹೊತ್ತು ಬೆಕ್ಕಿನ ಕಿವಿ ಸವರಿದರು. "ನೀನು ಸ್ಕೂಲಿಂದ ಬಾ. ಸಂಜೆ ಹೋಗೋಣ," ಅಂದರು.

ಸಂಜೆಯವರೆಗೆ ಅದು ಕಾಯಲಿಲ್ಲ. ಊಟದ ಬೆಲ್ಲು ಹೊಡೆದಾಗ ಸ್ಟಾಫ್ ರೂಮಿನಲ್ಲಿದ್ದ ನನಗೆ ಇವರ ಫೋನು ಬಂತು. "ಹೋದ್ಳು," ಅಂದರು, ಅಷ್ಟೆ. ಟೀಚರೂ ನನ್ನ ಜೊತೆ ರಜೆ ಹಾಕಿ ಮೆಟ್ರೋದಲ್ಲಿ ಬಂದರು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

ನಾವು ಬರುವ ಹೊತ್ತಿಗೆ ಇವರು ಮನೆಯ ಹಿಂದಿನ ಕಿರಿದಾದ ಜಾಗದಲ್ಲಿ ಅಗೆಯುತ್ತಿದ್ದರು. ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಮನೆ ಕಟ್ಟಿದಾಗ ಸುರಿದ ಇಟ್ಟಿಗೆ ಚೂರು, ಜಲ್ಲಿ. ಹಾರೆ ಕಲ್ಲಿಗೆ ತಾಗಿ ಟಣ್ ಅನ್ನುತ್ತಿತ್ತು. ಟೀಚರು ಸೆರಗು ಸಿಕ್ಕಿಸಿಕೊಂಡು, "ಕೊಡಿ ಸಾರ್, ನಾನು ಸ್ವಲ್ಪ ಅಗೀತೀನಿ," ಅಂದರು. ಅವರು ಕೊಡಲಿಲ್ಲ. ಸಾಕಷ್ಟು ಆಳ ಹೋಗಲೂ ಇಲ್ಲ. ನಾಯಿ ಎಳೆಯಬಾರದು ಅಂತ ಮೇಲೆ ಚಪ್ಪಡಿ ಕಲ್ಲು ಹೊದಿಸಿದೆವು. ಹಳೆಯ ಟವೆಲಿನಲ್ಲಿ ಸುತ್ತಿದ್ದ ಬೆಕ್ಕು ಎಷ್ಟು ಹಗುರವಾಗಿತ್ತೆಂದರೆ, ಒಳಗೆ ಏನೂ ಇಲ್ಲವೇನೋ ಅನ್ನಿಸಿತು.

ಇದೆಲ್ಲ ಆಗಿ ಹೆಚ್ಚು ದಿನವಾಗಿರಲಿಲ್ಲ, ಒಡತಿ ಫೋನ್ ಮಾಡಿದರು. ಮೇಲಿನ ಮನೆಗೆ ಇನ್ನೂ ಯಾರೂ ಬಂದಿಲ್ಲ, ಒಬ್ಬಳೇ ಇರಲು ಬೇಸರ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಬೆಕ್ಕು ಚೆನ್ನಾಗಿದ್ಯೇನಮ್ಮಾ?" ಅಂದರು.

"ಚೆನ್ನಾಗಿದೆ ಅಮ್ಮ. ತಿಂತಾ ಇದೆ," ಅಂದೆ.

ಯಾಕೆ ಹಾಗೆ ಹೇಳಿದೆನೋ. ನಿಜ ಹೇಳಿದ್ದರೆ ಅವರಿಗೂ ನೋವಾಗುತ್ತಿತ್ತು, ನನಗೂ "ಇಷ್ಟಕ್ಕಾ ಮನೆ ಬಿಟ್ರಿ?" ಅನ್ನುವ ಮಾತು ಕೇಳುವ ಶಕ್ತಿ ಇರಲಿಲ್ಲ. ಅವರು ಹಾಗೆ ಕೇಳುತ್ತಿರಲಿಲ್ಲವೇನೋ. ಒಳಗಿದ್ದ ಇವರಿಗೆ ನನ್ನ ಮಾತು ಕೇಳಿಸಿತ್ತು.

ಕೆಂಗೇರಿಯಲ್ಲಿ ಅವರಿಗೆ ಗುರುತಿನವರಿಲ್ಲ. ನಾನು ಬೆಳಿಗ್ಗೆ ಮೆಟ್ರೋ ಹತ್ತಿದರೆ ಬರುವುದು ಸಂಜೆ. ಬಂದಾಗ ಹಾಲಿನಲ್ಲಿ ಲೈಟು ಹಾಕಿರುವುದಿಲ್ಲ. ಅದೇ ಕುರ್ಚಿಯಲ್ಲಿ, ಪೇಪರು ಮಡಚಿದ್ದು ಮಡಚಿದಂತೆಯೇ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಇನ್ನೊಂದು ಮರಿ ತರೋಣವಾ ಅಂತ ಟೀಚರು ಕೇಳಿದಾಗ ಕೈ ಮುಗಿದುಬಿಟ್ಟರು.

ಕಳೆದ ಭಾನುವಾರ ಬಲವಂತ ಮಾಡಿದೆ. "ವಿಜಯನಗರಕ್ಕೆ ಹೋಗಿ ಬನ್ನಿ. ಪಾರ್ಕಿನಲ್ಲಿ ಎಲ್ರೂ ಸಿಗ್ತಾರೆ." ಹೂಂ ಅಂದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತವರು ನನ್ನ ಕಡೆ ತಿರುಗಿದರು.

"ಹೋದ ತಕ್ಷಣ ಕೇಳ್ತಾರಲ್ಲೇ, ಬೆಕ್ಕು ಹೆಂಗಿದೆ ಅಂತ. ಏನ್ ಹೇಳ್ಲಿ?"

ಅವರು ಒಂದು ಕ್ಷಣ ಕಾದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಶರ್ಟು ಬಿಚ್ಚಿ ನೇತುಹಾಕಿದರು. ನಾನು ಅನ್ನಕ್ಕೆ ನೀರಿಟ್ಟೆ.